ಮಹಡಿ ಮೇಲಿನ ಕುಣಿ

ಎಲ್ಲಾ ರಾಮಾಯಣಕ್ಕೂ ಮೂಲ ಒಂದು ಕುಣಿ.

ಆನೆ ಕೆಡವುವ ಕುಣಿಯಲ್ಲ, ಹೆಣ ಹೂಳುವ ಕುಣಿಯಂತೂ ಅಲ್ಲವೇ ಅಲ್ಲ. ನೆಲದ ಮೇಲೆ ಕೂತು ಕಾಲು ಇಳಿಬಿಟ್ಟರೆ ಮಗ್ಗದ ಹಲಗೆ ತುಳಿಯಲು ಅನುಕೂಲವಾಗುವಷ್ಟು ಆಳದ, ಮಗ್ಗದ ಕುಣಿ. ಮೊಳಕಾಲ್ಮೂರಿನ ನೇಕಾರನ ಮನೆಯಲ್ಲಿ ದೇವರ ಗೂಡು ಇಲ್ಲದಿದ್ದರೂ ನಡೆದೀತು, ಕುಣಿ ಇಲ್ಲದಿದ್ದರೆ ಒಲೆ ಉರಿಯುವುದಿಲ್ಲ. ರಸ್ತೆ ಅಗಲ ಮಾಡುತ್ತೇವೆಂದು ಜೆಸಿಬಿ ತಂದು ಹಳೆಯ ನೇಕಾರರ ಓಣಿಯನ್ನು ಕೆಡವಿದಾಗ ಯರ್ರಪ್ಪ ಗೋಡೆಗೆ ಅಳಲಿಲ್ಲ, ಹಂಚಿಗೆ ಅಳಲಿಲ್ಲ. ಅಪ್ಪ, ಅಜ್ಜ ಕಾಲಿಟ್ಟು ನೇಯ್ದ ಕುಣಿಗೆ ಮಣ್ಣು ಬಿದ್ದಾಗ ಮಾತ್ರ ಆ ಕಡೆ ಮುಖ ತಿರುಗಿಸಿಕೊಂಡ.

ಓಣಿಗೆ ಬದಲಾಗಿ ಸರ್ಕಾರ ಊರಾಚೆ ಗುಡ್ಡದ ಬುಡದಲ್ಲಿ ಮೂರಂತಸ್ತಿನ ಗುಂಪು ಮನೆ ಕಟ್ಟಿಸಿಕೊಟ್ಟಿತು. ಉದ್ಘಾಟನೆಯ ದಿನ ಇಂಜಿನಿಯರ್ ಹರ್ಷಿತಾ ಮೇಡಂ ಮೈಕ್ ಹಿಡಿದು, "ಈ ಕಟ್ಟಡದ ಪಾಯ ಗುಡ್ಡದ ಬಂಡೆ ಮೇಲೇ ಕೂತಿದೆ. ಪ್ರತಿ ಅಂತಸ್ತಿನ ಮೋಲ್ಡಿಗೂ ಒಂದು ಗೇಣು ದಪ್ಪ ಕಾಂಕ್ರೀಟ್ ಹಾಕಿಸಿದೀವಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲುಗೋದಿಲ್ಲ" ಎಂದರು. ಜನ ಚಪ್ಪಾಳೆ ತಟ್ಟಿದರು. ಯರ್ರಪ್ಪನ ಕಿವಿ ಹೊಕ್ಕಿದ್ದು ಆ ಒಂದು ಗೇಣು ಮಾತ್ರ.

ಲಾಟರಿ ಎತ್ತಿದಾಗ ಅವನಿಗೆ ಬಂದದ್ದು ನಡು ಅಂತಸ್ತು. ಅದರ ನೇರ ಕೆಳಗಿನ ನೆಲದ ಮನೆ ಪಾಲಣ್ಣನ ಪಾಲಾಯಿತು. ಪಾಲಣ್ಣನೂ ನೇಕಾರನೇ. ಅದೇ ಓಣಿಯವನು, ಯರ್ರಪ್ಪನಿಗಿಂತ ನಾಲ್ಕು ಯುಗಾದಿ ಹೆಚ್ಚು ಕಂಡವನು.

ಈಗ ನೀವೇ ಹೇಳಿ, ಮಹಡಿ ಮನೆಯಲ್ಲಿ ಕುಣಿ ತೆಗೆಯುವುದು ಎಲ್ಲಿ? ನೆಲದ ಮೇಲೆ ಕಟ್ಟೆ ಕಟ್ಟಿ ಮಗ್ಗವನ್ನೇ ಎತ್ತೋಣವೆಂದರೆ, ಮಗ್ಗದ ನೆತ್ತಿಯ ಮೇಲೆ ಕೂತು ಸೆರಗಿನ ಚಿತ್ತಾರ ಮೂಡಿಸುವ ಜಕಾರ್ಡ್ ಪೆಟ್ಟಿಗೆ ಸೂರಿಗೆ ತಾಗುತ್ತಿತ್ತು. ಹೀಗಾಗಿ ಯರ್ರಪ್ಪನ ಮಗ್ಗ ಬಿಚ್ಚಿದ್ದು ಬಿಚ್ಚಿದಂತೆಯೇ ಗೋಡೆಗೊರಗಿತ್ತು.

ಅಷ್ಟರಲ್ಲಿ ಒಂದು ದಿನ ಬೆಳಿಗ್ಗೆ ಬೀಗರ ಫೋನ್ ಬಂತು. ಮಗಳು ಪವಿತ್ರಳ ಮದುವೆ ಹತ್ತಿರ ಬಂದಿತ್ತು. ಧಾರೆ ಸೀರೆಯನ್ನು ತಾನೇ ನೇಯ್ದು ಉಡಿಸುತ್ತೇನೆಂದು ನಿಶ್ಚಿತಾರ್ಥದಲ್ಲಿ ಹತ್ತು ಜನರ ಮುಂದೆ ಯರ್ರಪ್ಪ ಮಾತು ಕೊಟ್ಟಿದ್ದ.

"ನಿಮ್ ಕೈಲಿ ಆಗ್ದಿದ್ರೆ ಹೇಳ್ಬಿಡ್ರಿ ಬೀಗರೇ," ಎಂದಿತು ಫೋನು. "ಚಳ್ಳಕೆರೆ ಅಂಗಡೀಲಿ ಮಿಷನ್ ಸೀರೆ ರಾಶಿ ಬಿದ್ದಾವೆ. ಒಂದು ತಂದ್ಬಿಡ್ತೀವಿ."

ಯರ್ರಪ್ಪ ಫೋನನ್ನು ಹಾಸಿಗೆಯ ಮೇಲೆ ಎಸೆದ. "ಕೇಳಿದೇನೇ ಗೀತಾ? ನೇಕಾರನ ಮಗಳು ಮಿಷನ್ ಸೀರೆ ಉಟ್ಕೊಂಡು ಹಸೆಮಣೆ ಹತ್ತಬೇಕಂತೆ! ನಾನು ಬದುಕಿದ್ದೀನೋ ಸತ್ತಿದ್ದೀನೋ?"

ಹೆಂಡತಿ ಗೀತಮ್ಮ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಹಂಗಾದ್ರೆ ಕೆಳಗಡೆ ಪಾಲಣ್ಣನ ಕಾಲು ಹಿಡ್ಕಂಡು ಮನೆ ಬದಲಾಯಿಸ್ಕಳ್ರಿ. ಅವರ್ದು ನೆಲದ ಮನೆ. ಮಗ್ಗಕ್ಕೆ ಟಾರ್ಪಾಲು ಹೊದಿಸಿ ಸುಮ್ನೆ ಇಟ್ಟಾರೆ, ಇನ್ನೂ ಹೂಡೇ ಇಲ್ಲ."

"ಯಾರ ಕಾಲೂ ಹಿಡಿಯೋ ವಂಶ ಅಲ್ಲ ಕಣೇ ನಮ್ದು! ನಮ್ಮಪ್ಪ ಸಾಹುಕಾರನ ಕಾಲು ಹಿಡೀಲಿಲ್ಲ, ನಾನು ಜೆಸಿಬಿಯೋನ ಕಾಲು ಹಿಡೀಲಿಲ್ಲ. ನನ್ನ ಕುಣಿ ನಾನೇ ತೋಡ್ಕಂತೀನಿ. ಇಲ್ಲೇ!"

ಅವನ ಲೆಕ್ಕಾಚಾರ ಸರಳವಾಗಿತ್ತು. ಪೆಟ್ಟಿಗೆ ತಾಗದಷ್ಟು ಎತ್ತರಕ್ಕೆ ಕಟ್ಟೆ ಕಟ್ಟುವುದು, ಕಮ್ಮಿ ಬಿದ್ದ ಆಳವನ್ನು ಮೋಲ್ಡಿನಲ್ಲೇ ಕೆತ್ತುವುದು. ಗೇಣು ದಪ್ಪದ ಮೋಲ್ಡು, ಅರ್ಧ ಗೇಣು ಕೆತ್ತಿದರೆ ಯಾರಪ್ಪನ ಗಂಟು ಹೋಗುತ್ತದೆ? ಹಾರೆಯೊಂದು ಬೇಕಿತ್ತು. ಕೆಳಗಿಳಿದು ಪಾಲಣ್ಣನ ಬಾಗಿಲು ಬಡಿದ.

"ಪಾಲಣ್ಣ, ಹಾರೆ ಐತಾ?"

"ಏನಕ್ಕಲೇ?"

"ದೇವರ ಫೋಟೋಕ್ಕೆ ಮೊಳೆ ಹೊಡೀಬೇಕಿತ್ತು."

"ಮೊಳೆ ಹೊಡಿಯಾಕೆ ಹಾರೆನಾ?"

"ದೊಡ್ಡ ದೇವರು ಕಣಣ್ಣ."

ಪಾಲಣ್ಣ ಒಳಗಿನಿಂದ ಹಾರೆ ತಂದುಕೊಟ್ಟ. ಅದರ ತುದಿ ಮೊಂಡಾಗಿ ಟಗರಿನ ಮೂತಿಯಂತಾಗಿತ್ತು. "ಇದೇನಣ್ಣ ಹಿಂಗಾಗೈತೆ?" ಎಂದು ಯರ್ರಪ್ಪ ಕೇಳಿದರೆ, "ಹಳೇದಪ್ಪ, ಹೋಗು ಹೋಗು" ಎಂದು ಪಾಲಣ್ಣ ಬಾಗಿಲು ಹಾಕಿಕೊಂಡ.

ಮೊಂಡಾದರೇನು, ರೋಷ ಚೂಪಾಗಿತ್ತಲ್ಲ. ಯರ್ರಪ್ಪ ಲುಂಗಿ ಎತ್ತಿ ಕಟ್ಟಿ, "ಮಿಷನ್ ಸೀರೆಯಂತೆ!" ಎಂದು ಒಂದು ಕುಟ್ಟು ಕುಟ್ಟಿದ. ಟೈಲ್ಸು ಒಡೆಯಿತು. "ಬೀಗರಂತೆ ಬೀಗರು!" ಎಂದು ಇನ್ನೊಂದು ಕುಟ್ಟಿದ. ಹಾರೆ ಸರಕ್ಕೆಂದು ಒಳಗಿಳಿಯಿತು. ಅರೆ, ಇದೇನು ಇಷ್ಟು ಸಲೀಸು ಎಂದುಕೊಳ್ಳುವಷ್ಟರಲ್ಲಿ ಕೆಳಗಿನಿಂದ ಪಾಲಣ್ಣನ ಹೆಂಡತಿ ನಿಂಗಕ್ಕನ ಕೂಗು ಕೇಳಿತು. ಆಕೆ ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು ಆರಿಸುತ್ತಿದ್ದಳು. ಆರಿಸಿ ಎಸೆದ ನಾಲ್ಕು ಕಲ್ಲಿಗೆ ಬದಲಾಗಿ ಮೇಲಿನಿಂದ ಒಂದು ಮೊರದಷ್ಟು ಕಲ್ಲು ಬಿದ್ದಿತ್ತು.

"ಓರಿ ದೇವುಡಾ! ಆರ್ಸಿದ ಅಕ್ಕಿಗೆ ಕಲ್ಲು ಹಾಕೋನು ಯಾವನಲೇ ಅವನು?"

"ಏನಿಲ್ಲಕ್ಕಾ, ಫೋಟೋಕ್ಕೆ ಮೊಳೆ..." ಎನ್ನುತ್ತ ಸಮಾಧಾನ ಮಾಡಲು ಯರ್ರಪ್ಪ ತೂತಿನ ಅಂಚಿಗೆ ಕಾಲಿಟ್ಟ. ಅಂಚು ಅವನನ್ನು ಹೊರಲು ಒಪ್ಪಲಿಲ್ಲ. ದಡ್ ಎಂದು ಸೊಂಟದವರೆಗೆ ಕುಸಿದ. ಕಬ್ಬಿಣದ ಸರಳುಗಳು ಹಿಡಿದುಕೊಂಡದ್ದಕ್ಕೆ ಅರ್ಧ ಆಳು ಮೇಲೆ ಉಳಿದ. ಉಳಿದರ್ಧ, ಪಟ್ಟಾಪಟ್ಟಿ ಚಡ್ಡಿ ಸಮೇತ, ಪಾಲಣ್ಣನ ಮನೆಯ ಸೂರಿನಿಂದ ಪಡುವಲಕಾಯಿಯಂತೆ ನೇತಾಡಿತು.

ಪಾಲಣ್ಣ ಓಡಿ ಬಂದ. ನಿಂಗಕ್ಕ ಬಾಯಿ ಬಡಿದುಕೊಳ್ಳುತ್ತಿದ್ದರೂ ಅವನು ಅತ್ತ ತಿರುಗಲಿಲ್ಲ. ಆ ಕಾಲುಗಳನ್ನೇ ನೋಡುತ್ತ ನಿಂತ. ಕೈ ಎತ್ತಿ ಪಾದ ಮುಟ್ಟಿದ, ಸೂರಿನಿಂದ ಪಾದದವರೆಗೆ ಕಣ್ಣಲ್ಲೇ ಅಳೆದ, ಆಮೇಲೆ ತಲೆದೂಗಿದ. ಪಾಪ, ಗಾಬರಿಯಿಂದ ಮಾತು ಹೊರಡುತ್ತಿಲ್ಲ ಎಂದುಕೊಂಡರು ನೋಡಿದವರು.

ನೋಡುವವರಿಗೇನು ಬರವೇ? ಇಡೀ ಕಟ್ಟಡ ಎರಡು ಪಾಲಾಗಿ, ಅರ್ಧ ಮೇಲಿನ ಮನೆಗೂ ಅರ್ಧ ಕೆಳಗಿನ ಮನೆಗೂ ನುಗ್ಗಿತು. ಕಟ್ಟಡದ ಅಧ್ಯಕ್ಷನೆಂದು ತನ್ನನ್ನು ತಾನೇ ಆರಿಸಿಕೊಂಡಿದ್ದ ಮಾರುತೇಶ ಮೆಟ್ಟಿಲ ನಡುವೆ ನಿಂತು ಕೂಗಿದ: "ಮೇಲಿನೋರು ಮೇಲೆ, ಕೆಳಗಿನೋರು ಕೆಳಗೆ! ಎಲ್ಲಾರೂ ಒಂದೇ ಸಲ ಎಳೀರಲೇ!"

ಮೇಲಿನವರು ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆದರು, ಕೆಳಗಿನವರು ಕಾಲು ಹಿಡಿದು ಕೆಳಕ್ಕೆ ಎಳೆದರು. ಯರ್ರಪ್ಪ ಎರಡು ಕಡೆಯವರಿಗೂ ಸಮನಾಗಿ ಬೈದ.

"ಶೇಂಗಾ ಎಣ್ಣೆ ಸುರೀರಿ, ಜಾರ್ತಾನೆ," ಎಂದಳು ಕೊನೆಯ ಮನೆಯ ಮುದುಕಿ ಕ್ಯಾತಮ್ಮ.

"ಜಾರಿದ್ರೆ ಕೆಳಗೆ ಬೀಳ್ತಾನಲ್ಲವ್ವ?"

"ಎಲ್ಲಿಗಾದ್ರೂ ಬೀಳ್ಲಿ, ಒಂದು ಕಡೆ ಆಗ್ಲಿ."

ಎಣ್ಣೆಯೂ ಬಂತು, ಸರಳು ಬಗ್ಗಿಸಿ ಅವನನ್ನು ತೊಡೆಯವರೆಗೆ ಎತ್ತಿದ್ದೂ ಆಯಿತು. ಇನ್ನೇನು ಪೂರ್ತಿ ಎತ್ತಬೇಕು, ಅಷ್ಟರಲ್ಲಿ ಯರ್ರಪ್ಪನಿಗೆ ಒಂದು ವಿಚಿತ್ರ ಹೊಳೆಯಿತು. ಅವನು ಈಗ ತೂತಿನ ಅಂಚಿನಲ್ಲಿ ಕೂತಿದ್ದ. ಕೂತ ಭಂಗಿ ಹಿತವಾಗಿತ್ತು. ಕೈಗಳು ಲಾಳಿ ಹೊಡೆಯುವ ಎತ್ತರದಲ್ಲಿದ್ದವು. ಎಡಗಾಲು ಒತ್ತಿದ, ಬಲಗಾಲು ಒತ್ತಿದ. ಓಣಿ ಬಿಟ್ಟ ಮೇಲೆ ಮೊದಲ ಸಲ ಅವನು ನೇಕಾರನಂತೆ ಕೂತಿದ್ದ.

ಸರಿಯಾಗಿ ಅದೇ ಹೊತ್ತಿಗೆ, ಯಾರೋ ಫೋನ್ ಮಾಡಿದ್ದಕ್ಕೆ, ಹರ್ಷಿತಾ ಮೇಡಂ ಚಳ್ಳಕೆರೆಯಿಂದ ಜೀಪಿನಲ್ಲಿ ಬಂದಿಳಿದರು.

"ಏನ್ರೀ ಇದು? ಸರ್ಕಾರಿ ಕಟ್ಟಡಕ್ಕೆ ತೂತು ಮಾಡಿದೀರಾ? ಕೇಸ್ ಹಾಕಿಸ್ತೀನಿ. ಮೊದಲು ಎದ್ದು ಬನ್ನಿ."

"ಬರಲ್ಲ," ಎಂದ ಯರ್ರಪ್ಪ.

"ಏನಂದ್ರಿ?"

"ಬರಲ್ಲ ಅಂದೆ. ನನ್ನ ಕುಣಿ ಮುಚ್ಚಿದ್ರಲ್ಲ, ಆವಾಗ ನಾನು ಯಾರ ಮೇಲಾದ್ರೂ ಕೇಸ್ ಹಾಕಿದ್ನಾ? ಮನೆ ಕೊಟ್ರಿ ಮೇಡಂ, ಕರೆಂಟು ಕೊಟ್ರಿ, ಕಕ್ಕಸು ಕೊಟ್ರಿ, ಸಂತೋಷ. ನೇಕಾರ ಎಲ್ಲಿ ಕೂರ್ತಾನಪ್ಪಾ ಅಂತ ಒಬ್ಬರಾದ್ರೂ ಕೇಳಿದ್ರಾ? ಕೇಳ್ಲಿಲ್ಲ. ಅದಕ್ಕೇ ನಾನೇ ಜಾಗ ಮಾಡ್ಕಂಡೆ. ಗೀತಾ, ಮಗ್ಗ ತಗಂಡ್ ಬಾರೇ! ಇಲ್ಲೇ ಹೂಡ್ತೀನಿ, ಇಲ್ಲೇ ನೇಯ್ತೀನಿ. ಯಾರ್ ಎಬ್ಬಿಸ್ತಾರೋ ನೋಡೇ ಬಿಡ್ತೀನಿ!"

ಮೇಲೆ ಶಿಳ್ಳೆ ಬಿತ್ತು, ಕೆಳಗೂ ಶಿಳ್ಳೆ ಬಿತ್ತು. ಆವೇಶದಲ್ಲಿ ಅವನು ಕಾಲು ಅಪ್ಪಳಿಸುತ್ತಿದ್ದರಿಂದ ಕೆಳಗಿನವರಿಗೂ ಭಾಷಣ ಚೆನ್ನಾಗಿ ತಲುಪುತ್ತಿತ್ತು. "ಬಾಯಾಗ ಮಾತಾಡಲೇ, ಕಾಲು ಯಾಕೆ ಝಾಡಿಸ್ತೀಯಾ!" ಎಂದು ನಿಂಗಕ್ಕ ಪೊರಕೆಯಿಂದ ಒಂದು ಕೊಟ್ಟಳು.

ಮೇಡಂ ದನಿ ಏರಿಸಿದರು. "ಇದು ಗಟ್ಟಿಮುಟ್ಟಾದ ಕಟ್ಟಡ. ಇದನ್ನ ಹಾಳು ಮಾಡಿದ್ದು ನೀವು."

"ಗಟ್ಟಿನಾ? ಮೊಂಡ ಹಾರೇಲಿ ಎರಡು ಕುಟ್ಟು ಕುಟ್ಟಿದ್ದು ಮೇಡಂ. ಗೇಣು ದಪ್ಪ ಅಂದಿದ್ರಲ್ಲ, ಎಲ್ಲಿ, ನೀವೇ ಅಳೀರಿ." ಯರ್ರಪ್ಪ ಒಡೆದ ಅಂಚಿಗೆ ತನ್ನ ಕೈ ಒತ್ತಿ ತೋರಿಸಿದ. ಗೇಣೆಲ್ಲಿ ಬಂತು, ಮೂರು ಬೆರಳಿಗೆ ಮೋಲ್ಡು ಮುಗಿದಿತ್ತು.

ಮೇಡಂ ಬಗ್ಗಿ ನೋಡಿದರು. ಮುಖ ಬಿಳಿಚಿತು. ಕಂಟ್ರಾಕ್ಟರನ ಹೆಸರು ಹಿಡಿದು ಬಾಯೊಳಗೇ ಏನೋ ಅಂದುಕೊಂಡರು. ಮಾರುತೇಶ ಆಗಲೇ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದ. ಮೇಡಂ ಮೊಣಕಾಲೂರಿ ಕೂತು ದನಿ ತಗ್ಗಿಸಿದರು: "ಯರ್ರಪ್ಪನವರೇ, ಆ ವಿಡಿಯೋ ಬೇಡ ಅನ್ನಿ. ಕಟ್ಟಡನೆಲ್ಲಾ ನಾನೇ ಪರೀಕ್ಷೆ ಮಾಡಿಸ್ತೀನಿ. ನಿಮಗೇನು ಬೇಕು ಹೇಳಿ."

"ನೆಲದ ಮನೆ."

"ಯಾರಾದ್ರೂ ಬದಲಾಯಿಸಿಕೊಳ್ಳೋಕೆ ಒಪ್ಪಿದ್ರೆ ಈಗಲೇ ಸಹಿ ಹಾಕ್ತೀನಿ."

ಜನ ಒಬ್ಬರ ಮುಖ ಒಬ್ಬರು ನೋಡಿದರು. ನೆಲದ ಮನೆ ಬಿಟ್ಟು ತೂತಿನ ಮನೆಗೆ ಯಾವ ಮಹಾನುಭಾವ ಬರುತ್ತಾನೆ? ಆಗ ತೂತಿನ ಕೆಳಗಿನಿಂದ ದನಿ ಬಂತು.

"ನಾನು ಕೊಡ್ತೀನಿ."

ಪಾಲಣ್ಣ ಮೆಟ್ಟಿಲು ಹತ್ತಿ ಬಂದು ಎದೆಯ ಮೇಲೆ ಕೈ ಇಟ್ಟುಕೊಂಡ. "ಪವಿತ್ರ ನನ್ನ ಮಗಳಿದ್ದಂಗೆ. ಅವಳ ಧಾರೆ ಸೀರೆಗಿಂತ ನನ್ನ ಮನೆ ದೊಡ್ಡದಾ? ತಗಳಲೇ ಯರ್ರ, ನಿಂಗೇ ಬಿಟ್ಟೆ."

ಹಿಂದೆಯೇ ಬಂದ ನಿಂಗಕ್ಕ, "ಅಲ್ರೀ, ಆ ನೆಲದಾಗೆ..." ಎಂದು ಬಾಯಿ ತೆರೆದಳು.

"ಸುಮ್ನಿರೇ! ಕೊಡೋ ಕೈಗೆ ಅಡ್ಡ ಬರಬ್ಯಾಡ."

ನೆರೆದವರ ಕಣ್ಣಲ್ಲಿ ನೀರಾಡಿತು. ಯರ್ರಪ್ಪನಂತೂ ಎದ್ದು ಬಂದು ಪಾಲಣ್ಣನನ್ನು ತಬ್ಬಿ ಅತ್ತೇಬಿಟ್ಟ. ನಾಳೆಯೇ ಗಾರೆಯವನನ್ನು ಕಳಿಸಿ ತೂತು ಮುಚ್ಚಿಸುತ್ತೇನೆಂದು ಮೇಡಂ ಹೇಳಿದರೆ, "ಅವಸರ ಏನಿಲ್ಲ ಮೇಡಂ, ನಿಧಾನಕ್ಕೆ ಬರ್ಲಿ" ಎಂದ ಪಾಲಣ್ಣ. ಎಂಥಾ ದೊಡ್ಡ ಮನುಷ್ಯ ಎಂದು ಕ್ಯಾತಮ್ಮ ಕೈ ಮುಗಿದಳು.

ಜನವೆಲ್ಲ ಕೈ ಹಾಕಿದ್ದರಿಂದ ಮಧ್ಯಾಹ್ನದೊಳಗೆ ಮೇಲಿನ ಸಾಮಾನು ಕೆಳಗೆ, ಕೆಳಗಿನದು ಮೇಲೆ ಆಯಿತು. ಯರ್ರಪ್ಪ ಬೀಗರಿಗೆ ಫೋನ್ ಮಾಡಿ, "ಸೀರೆ ನಾನೇ ನೇಯೋದು. ಆ ಚಳ್ಳಕೆರೆ ಅಂಗಡಿ ಮೆಟ್ಟಿಲು ಹತ್ತಿದ್ರೆ ನೋಡ್ರಿ!" ಎಂದು ಗುಡುಗಿದ. ಇಳಿಹೊತ್ತಿಗೆ ನೆಲಕ್ಕೆ ಅರಿಶಿನ ಕುಂಕುಮ ಇಟ್ಟು, ನಿಂಬೆಹಣ್ಣು ಕೊಯ್ದು, ತಲೆಗೆ ಟವೆಲ್ ಸುತ್ತಿ ಹಾರೆ ಎತ್ತಿದ.

ಠಣ್!

ಹಾರೆ ನೆಗೆದು ವಾಪಸು ಬಂತು. ಮೊಣಕೈವರೆಗೆ ಜುಮ್ಮೆಂದಿತು. ಎರಡು ಹೆಜ್ಜೆ ಸರಿದು ಕುಟ್ಟಿದ. ಠಣ್! ಕಿಡಿ ಹಾರಿತು. ಈ ಮೂಲೆ ಠಣ್, ಆ ಮೂಲೆ ಠಣ್. ಗೀತಮ್ಮ ಒಡೆದ ಟೈಲ್ಸಿನ ಚೂರು ಸರಿಸಿ ನೋಡಿದಳು. ಕೆಳಗೆ ಮಣ್ಣಿರಲಿಲ್ಲ. ಗುಡ್ಡದ ಕರಿ ಬಂಡೆ ಅಲ್ಲಿಂದ ಇಲ್ಲಿಯವರೆಗೆ ಅಂಗಾತ ಮಲಗಿತ್ತು. ಉದ್ಘಾಟನೆಯ ದಿನ ಮೇಡಂ ಹೇಳಿದ ಅಷ್ಟು ಮಾತಿನಲ್ಲಿ ಇದೊಂದು ಮಾತ್ರ ನಿಜವಾಗಿತ್ತು.

ಪಾಲಣ್ಣನ ಮಗ್ಗ ಟಾರ್ಪಾಲು ಹೊದ್ದು ಮಲಗಿದ್ದ ಜಾಗದಲ್ಲಿ ಹೊಸ ಸಿಮೆಂಟಿನ ತೇಪೆಯೊಂದು ಕಂಡಿತು. ಯರ್ರಪ್ಪ ಅದನ್ನು ಕೆರೆದ. ಅಡಿಯಲ್ಲಿ ಬಂಡೆಯ ಮೇಲೆ ಹಾರೆಯ ಬಿಳಿ ಗೀರುಗಳು, ಒಂದಲ್ಲ, ನೂರಾರು. ಅವನು ತನ್ನ ಕೈಯಲ್ಲಿದ್ದ ಹಾರೆಯ ಮೊಂಡ ಮೂತಿಯನ್ನು ನೋಡಿದ. ಈಗ ಎಲ್ಲ ತಿಳಿಯಿತು.

"ಲೇ ಪಾಲಣ್ಣಾ!"

ಮೇಲಿನಿಂದ ಸ್ವಲ್ಪ ಧೂಳು ಉದುರಿತು. ತೂತಿನಿಂದ ಎರಡು ಪಾದಗಳು ಇಳಿದುಬಂದು, ಗಾಳಿಯಲ್ಲಿ ಎಡ ಬಲ, ಎಡ ಬಲ ಎಂದು ತುಳಿದು ನೋಡಿದವು.

"ಏನ್ ಕುಣಿ ತೆಗ್ದೀಯಲೇ ಯರ್ರ!" ಪಾಲಣ್ಣನ ದನಿ ತೃಪ್ತಿಯಿಂದ ತೇಗಿದಂತಿತ್ತು. "ಅಳತೆ ಹಿಡಿದು ಕೊರೆದಂಗೈತೆ. ನಾಳೆನೇ ಮಗ್ಗ ಹೂಡ್ತೀನಿ. ಪವಿತ್ರನ ಸೀರೆ ಚಿಂತೆ ಬಿಡು, ನಾನೇ ನೇಯ್ದು ಕೊಡ್ತೀನಿ. ರೇಷ್ಮೆ ಜರಿ ಕಳ್ಸಿಕೊಡು ಸಾಕು. ಹಾಂ, ಆ ಹಾರೆ ನೀನೇ ಇಟ್ಕ. ನಂಗಿನ್ನು ಬ್ಯಾಡ."

ಯರ್ರಪ್ಪ ತಲೆಯ ಮೇಲೆ ತೂಗುತ್ತಿದ್ದ ಆ ಪಾದಗಳನ್ನೇ ನೋಡುತ್ತ ನಿಂತ. ಗೀತಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು: "ಬೆಳಿಗ್ಗೆನೇ ಹೇಳಿದ್ದೆ, ಕೇಳ್ಲಿಲ್ಲ. ಈಗ ಕೈಗೇ ಸಿಕ್ಕಾವೆ. ಹಿಡ್ಕಳ್ರಿ."

ಯರ್ರಪ್ಪ ಹಾರೆ ಕೆಳಗಿಟ್ಟ. ಅಂಗೈ ಒರೆಸಿಕೊಂಡ. ಕೈ ಎತ್ತಿ ಪಾಲಣ್ಣನ ಎರಡು ಕಾಲನ್ನೂ ಗಟ್ಟಿಯಾಗಿ ಹಿಡಿದ. ಹಿಡಿದು, ಅಪ್ಪ ಅಜ್ಜಂದಿರ ವಂಶದ ಅಷ್ಟೂ ಬಲ ಹಾಕಿ ಕೆಳಕ್ಕೆ ಜಗ್ಗಿದ.

"ಅಯ್ಯಯ್ಯೋ, ಸಿಕ್ಕಾಕ್ಕಂಡೆ!" ಎಂದು ಪಾಲಣ್ಣ ಕಿರುಚಿದ. ಬಾಗಿಲುಗಳು ತೆರೆದುಕೊಂಡವು, ಮೆಟ್ಟಿಲ ಮೇಲೆ ಧಡಧಡ ಓಡಾಟ ಕೇಳಿಸಿತು. ಎಲ್ಲರಿಗಿಂತ ಮುಂಚೆ ಬಂದು ನಡು ಮೆಟ್ಟಿಲಲ್ಲಿ ನಿಂತಿದ್ದ ಮಾರುತೇಶ ಆಗಲೇ ಕೂಗುತ್ತಿದ್ದ: "ಮೇಲಿನೋರು ಮೇಲೆ, ಕೆಳಗಿನೋರು ಕೆಳಗೆ! ಎಳೀರಲೇ!"