ಭಟ್ಟರ ಡಬ್ಬಿಯ ಹಿಂದೆ ಕಾರ್ಕಳಕ್ಕೆ

ಪರದೇಶದಿಂದ ಬಂದವನಿಗೆ ಊರಿನಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ನನ್ನಂಥ ಚುರುಕಿನವನಿಗೆ ಸ್ವಲ್ಪ ಹೆಚ್ಚೇ ಆಗುತ್ತದೆ.

ಕಪ್ಪು ಕನ್ನಡಕ

ಬಹ್ರೇನಿನಲ್ಲಿ ಆರು ವರ್ಷ ದುಡಿದು, ಬೆಲ್ ಬಾಟಮ್ ಪ್ಯಾಂಟು, ಹೊಳೆಯುವ ಬೂಟು, ಕಪ್ಪು ಕನ್ನಡಕದಲ್ಲಿ ಕಾಪುವಿನ ನಮ್ಮ ಹೋಟೆಲಿಗೆ ಕಾಲಿಟ್ಟೆ. ಹೊಸ ಸಪ್ಲೈಯರ್ ನನ್ನನ್ನು ನೋಡಿದವನೇ ಒಳಗೆ ಓಡಿದ. ಅಡುಗೆ ಭಟ್ಟರು ಬಾಗಿಲ ಸಂದಿಯಿಂದ ಇಣುಕಿದರು. ಮೇಜು ಎರಡೆರಡು ಸಲ ಒರೆಸಿದರು, ದೋಸೆಯಿಂದ ತುಪ್ಪ ಹರಿಯಿತು. ಮನೆಮಗನಿಗೆ ಇಷ್ಟಾದರೂ ಮರ್ಯಾದೆ ಬೇಡವೇ ಎಂದುಕೊಂಡು ತಿಂದು ಮುಗಿಸಿ ಕನ್ನಡಕ ತೆಗೆದೆ.

ಭಟ್ಟರು ಹೊರಗೆ ಬಂದರು. "ನೀನಾ ಮಾರಾಯ? ಹೆಲ್ತ್ ಇನ್‌ಸ್ಪೆಕ್ಟರ್ ಅಂತ ತುಪ್ಪ ಹಾಕಿದ್ದು."

ಕಾಲುಚೀಲ

ನಾನು ಬಂದದ್ದೇ ಗಲ್ಲಾದಲ್ಲಿ ಕೂತು ಹೋಟೆಲು ನಡೆಸಲು. ಅಪ್ಪ ಮಾತ್ರ ಜಾಗ ಬಿಡಲಿಲ್ಲ. "ನಾಳೆ ಪುನಃ ವಿಮಾನ ಹತ್ತಿದರೆ ಎಂತ ಮಾಡುವುದು? ನೋಡುವ" ಎಂದರು. ಅಪ್ಪನ ಕಿವಿಗೆ ಯಾರೋ ಊದಿದ್ದಾರೆ ಎಂದು ನನಗೆ ಆಗಲೇ ಅನುಮಾನ.

ಸಾಂಬಾರಿನ ಮಸಾಲೆ ಹುರಿಯುವಾಗ ಒಳಗೆ ಹೋದರೆ ಭಟ್ಟರು ಬೂಟು ನೋಡಿ ಹೊರಗೆ ಕಳಿಸಿದರು. ಬೂಟು ಬಿಚ್ಚಿ ಹೋದೆ. ಬಾಗಿಲೇ ಹಾಕಿದರು. ಮೇಲಾಗಿ ಗುರುವಾರ ಬಂದರೆ ಮುಚ್ಚಿದ ಡಬ್ಬಿಯೊಂದನ್ನು ಹಿಡಿದು ಕಾರ್ಕಳಕ್ಕೆ ಹೊರಡುತ್ತಿದ್ದರು. ನನ್ನ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ: ನಮ್ಮ ಮಸಾಲೆ ಸಾಗಿಸಿ ಅಲ್ಲಿ ಸ್ವಂತ ಹೋಟೆಲು ಹಾಕುವ ಹುನ್ನಾರ. ಅಪ್ಪನಿಗೆ ಹೇಳಿದರೆ ಮೀಸೆಯೊಳಗೇ ನಕ್ಕರು.

ಬಾಗಿಲು ಹಾಕಿದ್ದು ಯಾಕೆ ಎಂದು ಭಟ್ಟರನ್ನೇ ದಬಾಯಿಸಿ ಕೇಳಿದೆ. "ನಿನ್ನ ಕಾಲುಚೀಲದ ವಾಸನೆ ಮಸಾಲೆಗೆ ಹಿಡಿದರೆ ಗಿರಾಕಿ ಉಳಿಯುವುದುಂಟಾ?"

ಪತ್ತೇದಾರಿ

ಮುಂದಿನ ಗುರುವಾರ ಅಪ್ಪನ ಪಂಚೆ ಉಟ್ಟು, ತಲೆಗೆ ಬೈರಾಸು ಸುತ್ತಿ, ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತೆ. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿದಾಗಲೂ ಭಟ್ಟರು ತಿರುಗಿ ನೋಡಲಿಲ್ಲ. ವೇಷ ಎಂದರೆ ಹಾಗಿರಬೇಕು.

ಕಾರ್ಕಳದಲ್ಲಿ ಅವರು ಒಂದು ಹಂಚಿನ ಮನೆಗೆ ನುಗ್ಗಿದರು. ಹಿಂದೆಯೇ ನಾನೂ ನುಗ್ಗಿ, ಕೈಯಿಂದ ಡಬ್ಬಿ ಕಸಿದು, "ನಮ್ಮ ಹೋಟೆಲಿನ ಮಸಾಲೆ ಯಾರಿಗೆ ಮಾರುತ್ತೀರಿ ಭಟ್ಟರೇ?" ಎಂದು ಮುಚ್ಚಳ ತೆಗೆದೆ. ಒಳಗೆ ಬನ್ಸು, ಇನ್ನೂ ಬಿಸಿ.

ಜಗಲಿಯಲ್ಲಿದ್ದ ಯಜಮಾನರು ಎದ್ದು ನಿಂತರು. ಭಟ್ಟರು ಹಣೆಗೆ ಕೈ ಹಚ್ಚಿ, "ನಾನು ಹೇಳಿದ ಹುಡುಗ ಇವನೇ" ಎಂದರು. ನನ್ನ ಕಡೆ ತಿರುಗಿ, "ಪಡುಬಿದ್ರಿಯಿಂದ ಬಸ್ಸಿಡೀ ನಿನ್ನ ಸೆಂಟು. ಸುಮ್ಮನೆ ಮನೆಗೆ ಹೋಗ್ತಿ ಅಂತ ಮಾಡಿದ್ದೆ."

ಆ ಮನೆಯ ಹುಡುಗಿಯೊಡನೆ ನನ್ನ ಸಂಬಂಧ ಕುದುರಿಸಲು ಅಪ್ಪನೇ ಭಟ್ಟರನ್ನು ಕಳಿಸುತ್ತಿದ್ದರಂತೆ. ಹುಡುಗ ಪುನಃ ಗಲ್ಫಿಗೆ ಓಡಿಯಾನು ಎಂದು ಯಜಮಾನರು ಒಪ್ಪಿರಲಿಲ್ಲವಂತೆ. ಈಗ ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಒಂದು ಡಬ್ಬಿಗಾಗಿ ಇಲ್ಲಿಯವರೆಗೆ ಬಂದವನು ಹೋಟೆಲು ಬಿಟ್ಟು ಎಲ್ಲಿಗೂ ಹೋಗಲಿಕ್ಕಿಲ್ಲ. ನಮಗೆ ಒಪ್ಪಿಗೆ ಉಂಟು" ಎಂದರು.

ನಾನು ಎದೆ ಉಬ್ಬಿಸುವಷ್ಟರಲ್ಲಿ ಒಳಗಿನಿಂದ ಹುಡುಗಿಯ ಧ್ವನಿ: "ಅಪ್ಪ, ಅವರು ಬೂಟು ಹೊರಗೆ ಬಿಟ್ಟು ಬರ್ತಾರಾ ಅಂತ ಕೇಳಿ."

ಕೆಳಗೆ ನೋಡಿದೆ. ಪಂಚೆಯ ಅಂಚಿನಡಿ ಎರಡೂ ಹೊಳೆಯುತ್ತಿದ್ದವು.

ಈಗ ಗಲ್ಲಾದಲ್ಲಿ ಕೂರುವವನು ನಾನೇ. ಬರಿಗಾಲಿನಲ್ಲಿ.