ಲಾಲಿಗೂ ಬಿದ್ದ ಶಿಫ್ಟ್

ಇಂಗ್ಲಿಷಿನಲ್ಲಿ ನನಗೆ ಬರುವುದು ಒಂದೇ ಪದ, ಶಿಫ್ಟ್. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅಷ್ಟರಲ್ಲೇ ಬದುಕು ನಡೆದಿದೆ. ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯವರ ಸಾಲುಮನೆಗಳು, ನಮ್ಮ ಲೈನಿನಲ್ಲಿ ಗಣಿಗೆ ಇಳಿಯುವ ಸರದಿಗೂ ಅದೇ ಮಾತು, ಇಳಿಯುವ ಜನಕ್ಕೂ ಅದೇ. ಶಿಫ್ಟ್ ಬಂತು ಎಂದರೆ ಒಲೆಯ ಮೇಲೆ ಎಸರಿರಬೇಕು. ಗಡಿಯಾರವಿಲ್ಲದ ಮನೆಯಲ್ಲಿ ಹೊತ್ತಿಗೂ ಅದೇ ಹೆಸರು. ನನ್ನ ಮಗಳು ಹುಟ್ಟಿದ್ದು ಸೆಕೆಂಡ್ ಶಿಫ್ಟ್ ಇಳಿಯುವಾಗ. ಗಣಿಯ ದೊರೆ ಪಕ್ಕದ ಕೋರಮಂಡಲಿಗೆ ಶಿಫ್ಟ್ ಆದರು ಎಂದು ಬಂಗಲೆಯ ಅಡಿಗೆಯವನು ಹೇಳಿದಾಗ, ಪಾಪ, ಅವರೂ ಗಣಿಗೆ ಇಳಿಯಬೇಕಾಯಿತಲ್ಲ ಎಂದು ನೊಂದುಕೊಂಡೆ. ಮನೆ ಬದಲಾಯಿಸಿದ್ದರಂತೆ. ನಮ್ಮ ಯಜಮಾನರು ಒಂದು ದಿನ ಫಸ್ಟ್ ಶಿಫ್ಟಿಗೆ ಇಳಿದರು, ಒಳಗೆ ಬಂಡೆ ಕುಸಿಯಿತು. ಆ ಶಿಫ್ಟ್ ನನ್ನ ಪಾಲಿಗೆ ಇನ್ನೂ ಮುಗಿದಿಲ್ಲ.

ಇಂಥ ಮನೆಗೆ ಈಗ ಮೊಮ್ಮಗಳು ಬಂದಿದ್ದಾಳೆ. ಬಂಗಾರಪೇಟೆಗೆ ಕೊಟ್ಟ ಮಗಳು ಬಾಣಂತನಕ್ಕೆ ಬಂದಳು. ಅಂಗೈಯಗಲದ ಮುಖ, ತಲೆ ತುಂಬ ಕೂದಲಿನ ಕೂಸು. ಲೈನಿನ ಮನೆಮನೆಗೂ ಸಕ್ಕರೆ ಹಂಚಿ ಬಂದೆ, ಕೆಲವು ಮನೆಗಳಿಗೆ ಎರಡು ಸಲ.

ಪಕ್ಕದ ಮನೆಗೂ ನಮಗೂ ನಡುವೆ ಇರುವುದು ಒಂದು ಬಿದಿರಿನ ತಟ್ಟಿ. ಆಚೆ ಮುನಿವೆಂಕಟಪ್ಪ ನೈಟ್ ಶಿಫ್ಟ್ ಮುಗಿಸಿ ಬಂದು ಹಗಲು ಮಲಗುತ್ತಾನೆ. ಅವನ ಹೆಂಡತಿ ಬಾಗಿಲಿಗೆ ಟವೆಲ್ ಕಟ್ಟಿದಳೆಂದರೆ ಸುತ್ತ ಯಾರೂ ಒನಕೆ ಹಿಡಿಯುವಂತಿಲ್ಲ. ನಿದ್ದೆಗೆಟ್ಟವನು ಬಂಡೆ ಕೊರೆಯಲು ನಿಂತರೆ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕೂಸಿಗೆ ಈ ಟವೆಲ್ಲಿನ ಕಟ್ಟಳೆ ಎಲ್ಲಿ ತಿಳಿಯಬೇಕು? ನಡುಮಧ್ಯಾಹ್ನ ಕಿಟಾರನೆ ಕಿರುಚುತ್ತಾಳೆ. ಸುಮ್ಮನಾಗಿಸಲು ನಾನು ಲಾಲಿ ಹಾಡುತ್ತೇನೆ. ಅವಳು ಜೋರಾದರೆ ನಾನೂ ಜೋರು.

ಹೀಗೆ ಹಾಡತೊಡಗಿದ ನಾಲ್ಕನೆಯ ದಿನ ಮುನಿವೆಂಕಟಪ್ಪ ಕೆಂಪು ಕಣ್ಣು ಹೊತ್ತು ಬಾಗಿಲಿಗೆ ಬಂದ. ಅವನು ಬಾಯಿ ಬಿಡುವ ಮೊದಲೇ, ಮಗಳನ್ನೂ ಕೂಸನ್ನೂ ನಾಳೆಯ ರೈಲಿಗೆ ಬಂಗಾರಪೇಟೆಗೆ ಕಳಿಸಿಬಿಡುತ್ತೇನೆ ಎಂದೆ.

"ಕಳಿಸ್ಬ್ಯಾಡಕ್ಕ," ಎಂದ. "ಒಂದೊಂದ್ಸಲ ಎಚ್ಚರಾದ್ರೆ ಇನ್ನೂ ಒಳಗೇ ಇದೀನಿ ಅನ್ಸ್ತದೆ. ಕೂಸು ಅಳೋದು ಕೇಳಿದ್ರೆ, ಮೇಲ್ ಬಂದಿದೀನಿ ಅಂತ ಗೊತ್ತಾಗಿ ಮತ್ತೆ ನಿದ್ದೆ ಬತ್ತದೆ."

ನನಗೆ ಕಣ್ಣು ತುಂಬಿ ಬಂತು. ಅವನು ಮಾತ್ರ ಹೋಗದೆ ಹೊಸಿಲ ಬಳಿಯೇ ತಲೆ ಕೆರೆಯುತ್ತ ನಿಂತ.

"ನಿದ್ದೆ ಕೆಡ್ಸೋದು ನಿನ್ ಲಾಲಿ ಪದ ಕಣಕ್ಕ."

ಅಂದಿನಿಂದ ನನ್ನ ಲಾಲಿಗೂ ಶಿಫ್ಟ್ ಬಿದ್ದಿದೆ. ಸಂಜೆ ಅವನು ಬುತ್ತಿ ಹಿಡಿದು ಗಣಿಯ ಕಡೆ ಹೊರಟ ಮೇಲೆಯೇ ನಾನು ಬಾಯಿ ತೆರೆಯುವುದು. ಮೊನ್ನೆಯಿಂದ ಯಾಕೋ ಅವನ ಹೆಂಡತಿ ಸಂಜೆಯಾದರೂ ಟವೆಲ್ ಬಿಚ್ಚುತ್ತಿಲ್ಲ.