ಗಂಗಮ್ಮನಿಗೆ ಏರಿಸಿದ ಕಳೆ

ಯಾವ ಕೆಲಸಕ್ಕೂ ಮುಂದಾಳಾಗಬಾರದು, ಅದರಲ್ಲೂ ಹೆಂಡತಿಯೂ ಮುಂದಾಳಾಗಿರುವ ಊರಿನಲ್ಲಿ. ಇದು ನನಗೆ ಅಂತರಗಂಗೆ ಎಂಬ ನೀರುಕಳೆ ಕಲಿಸಿದ ಪಾಠ. ತೆಲುಗು ಗಡಿಯ ರೊಳ್ಳದ ಹತ್ತಿರದ ನಮ್ಮೂರ ಕೆರೆಯಲ್ಲಿ ಈ ಗಿಡ ನೀರೇ ಕಾಣದಂತೆ ಹಬ್ಬಿತ್ತು. ಮಂಡಲ ಆಫೀಸಿನವರು ಗುರ್ರಪುಡೆಕ್ಕ ಎಂದು ತೆಲುಗಿನಲ್ಲಿ ಬೈದರು, ನಾವು ಕನ್ನಡದಲ್ಲಿ ಬೈದೆವು, ಅದು ಎರಡನ್ನೂ ಕೇಳಿಕೊಂಡು ಸೊಂಪಾಗಿ ಬೆಳೆಯಿತು. ಕುರಿಗಳು ಬಾಯಾರಿ ಬಂದು, ಮೂಸಿ, ಹಿಂದಿರುಗುತ್ತಿದ್ದವು. ಕೊನೆಗೆ ಊರವರೆಲ್ಲ ಹಗ್ಗ, ಕೊಕ್ಕೆ ಹಿಡಿದು ಇಳಿದರು. ಏರಿಯ ಮೇಲೆ ನಿಂತು ಕೂಗುವ ಹೊಣೆ ನನ್ನದು. ಕುರಿ ಕಾಯುವ ಹನುಮಂತಣ್ಣ ಕೆಸರಿನಿಂದಲೇ, "ನೀನೂ ಇಳಿಯಣ್ಣ, ಗಂಟಲು ನೋವಾದಾತು" ಅಂದ. ನನಗೆ ಕೇಳಿಸಲಿಲ್ಲ.

ನೀರು ಕಂಡ ಮೇಲೆ ಗಂಗಮ್ಮನ ಪೂಜೆ ಆಗಲೇಬೇಕು. ಅದಕ್ಕೆ ನನ್ನ ಹೆಂಡತಿ ಜಯಮ್ಮನೇ ಮುಂದು. ದಡದಲ್ಲಿ ರಾಶಿ ಬಿದ್ದಿದ್ದ ಗಿಡಗಳ ನೇರಳೆ ಹೂವು ಅವಳ ಕಣ್ಣಿಗೆ ಬಿತ್ತು. ಬಾಡಬಾರದೆಂದು ಬೇರುಸಮೇತ ಆರಿಸಿ ಅಲಂಕಾರ ಮಾಡಿದಳು. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ದೇವರಿಗೆ ಏರಿಸಿದ ಹೂವನ್ನು ತುಳಿಯುವ ಕಡೆ ಹಾಕುವಂತಿಲ್ಲ, ನೀರಿಗೇ ಬಿಡಬೇಕು. ಮಂಗಳಾರತಿ ಮುಗಿಸಿ ತಿರುಗಿ ನೋಡಿದರೆ ಹೆಂಗಸರು ಪುಟ್ಟಿ ಹೊತ್ತು ಕೆರೆಗೆ ಇಳಿಯುತ್ತಿದ್ದಾರೆ! ಊರಿನ ಅಷ್ಟೂ ಜನರ ಬೆವರು ಆ ಪುಟ್ಟಿಯಲ್ಲಿ ವಾಪಸು ಹೊರಟಿತ್ತು. ಓಡಿಹೋಗಿ ಅಡ್ಡ ನಿಂತೆ.

"ಮತ್ತೆ ತಿಪ್ಪೆಗೆ ಹಾಕ್ಲಾ? ದ್ಯಾವ್ರ ಹೂವ ಕಣ್ರೀ!" ಎಂದಳು ಜಯಮ್ಮ.

"ಒಣಗಿಸಿ ಸುಟ್ರಾಯ್ತಪ್ಪ" ಎಂದೆ. ಹೆಂಗಸರೆಲ್ಲ ನನ್ನನ್ನೇ ಸುಡುವಂತೆ ನೋಡಿದರು.

ಕೆರೆಯೂ ಉಳಿಯಬೇಕು, ಮನೆಯಲ್ಲಿ ನನ್ನ ಊಟವೂ ಉಳಿಯಬೇಕು. "ಕೊಡ್ರಿಲ್ಲಿ, ಬ್ಯಾರೆ ನೀರು ನೋಡಿ ನಾನೇ ಬಿಟ್ಬತ್ತೀನಿ" ಎಂದು ಪುಟ್ಟಿ ಹೊತ್ತು ಹೊರಟೆ. ನಮ್ಮ ಸೀಮೆಯಲ್ಲಿ ಬೇರೆ ನೀರು ಹುಡುಕುವುದು ಎಷ್ಟು ಸುಲಭವೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಹಳ್ಳದಲ್ಲಿ ಮರಳಿತ್ತು. ಬಿಸಿಲಿಗೆ ತಲೆ ಕಾದು, ಕೆರೆಯ ಕೆಳಗಿನ ನನ್ನ ಹಿಪ್ಪುನೇರಳೆ ತೋಟದ ಬಾವಿಗೇ ಅವನ್ನು ಕೈಮುಗಿದು ಬಿಟ್ಟೆ. ನಾಲ್ಕು ಗಿಡ ಏನು ಮಾಡೀತು?

ಈಗ ಕೆರೆ ನಿರ್ಮಲವಾಗಿದೆ. ಊರವರು ನನ್ನನ್ನು ಕಂಡಲ್ಲೆಲ್ಲ ಹೊಗಳುತ್ತಾರೆ. ಅವರಾರೂ ನನ್ನ ಬಾವಿಗೆ ಬಗ್ಗಿ ನೋಡದಿರಲಿ ಎಂಬುದಷ್ಟೇ ನನ್ನ ಪ್ರಾರ್ಥನೆ. ಬೇರು ಸಿಕ್ಕಿಕೊಂಡು ಮೋಟಾರು ನಿಲ್ಲುತ್ತದೆ, ತೋಟ ಒಣಗುತ್ತಿದೆ, ಮನೆಯಲ್ಲಿ ರೇಷ್ಮೆಹುಳು ಸೊಪ್ಪಿಗೆ ಕಾಯುತ್ತಿವೆ. ನಿನ್ನೆ ಬಾವಿಗಿಳಿದು ಒಬ್ಬನೇ ಎಳೆದು ಎಳೆದು ಮೇಲೆಸೆಯುತ್ತಿದ್ದೆ. ಕಟ್ಟೆಯ ಮೇಲೆ ನಿಂತಿದ್ದ ಜಯಮ್ಮ ಬಗ್ಗಿ ನೋಡಿ, "ರೀ, ಹೂ ಬಿಟ್ಟಿರೋವ ಹಂಗೇ ಎಸೀಬ್ಯಾಡ್ರಿ. ನಾಳಿಕೆ ಶುಕ್ರವಾರ" ಅಂದಳು.

ನಾನು ಚೆನ್ನಾಗಿರುವ ನಾಲ್ಕನ್ನು ಆರಿಸಿ, ಬಾಡದಿರಲೆಂದು ಬೇರುಸಮೇತ ಕೊಟ್ಟೆ.